ಗುಬ್ಬಿಯ ಕಪ್ಪು ಸ್ಕ್ರೀನು

3 ಮೇ 2004, ಸೋಮವಾರ

ಬೆಳಿಗ್ಗೆಯಿಂದ ಎರಡು ಮಷಿನ್‌ಗೆ ಎಕ್ಸ್‌ಪಿ ಹಾಕಿದೆ. ಮೂರನೆಯದು ಅರ್ಧ ಆಗಿತ್ತು... ಗುಬ್ಬಿಯಿಂದ ಫೋನು. ಮತ್ತೆ ಅದೇ ಸದಾಶಿವಯ್ಯ. ಮದುವೆ ವಿಡಿಯೋ ಮಿಕ್ಸಿಂಗ್ ಸ್ಟುಡಿಯೋದವರು. ಹೋದ ತಿಂಗಳು ಅವರ ಹಳೇ ವಿಂಡೋಸ್ ತೆಗೆದು ಎಕ್ಸ್‌ಪಿ ಹಾಕಿದ್ದು ನಾನೇ. ಅವತ್ತಿನಿಂದ ಕೆಲಸದ ಮಧ್ಯೆ ಮಷಿನ್ ಸಾಯುತ್ತದಂತೆ. ಹೋದ ವಾರ ಸಾರ್ ಹೇಳಿದರೆಂದು ಪವರ್ ಸಪ್ಲೈ ಬದಲಾಯಿಸಿ ಬಂದೆ. ಈಗಲೂ ಸಾಯುತ್ತದಂತೆ!

ವಿಜಯೀಂದ್ರ ಸಾರ್ ತುಮಕೂರಿನ ಅಂಗಡಿಯಲ್ಲಿ ಎಲ್ಲರ ಎದುರಿಗೇ ಅಂದರು: "ಗುಬ್ಬಿ ಕಂಪ್ಲೇಂಟ್ ನಿಂತ್ರೆ ಕುಣಿಗಲ್ ಬ್ರ್ಯಾಂಚ್ ನಿಂದು. ಇಲ್ಲಾಂದ್ರೆ ಇಲ್ಲೇ ಸ್ಕ್ರೂ ತಿರುಗುಸ್ಕೊಂಡಿರು, ಅಫ್ತಾಬ್."

ಅಬ್ಬಾ ಆಗಲೇ ನಮ್ಮ ಮರಳೂರಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದ ಮಗ ಬ್ರ್ಯಾಂಚ್ ನೋಡಿಕೊಳ್ಳುತ್ತಾನೆ ಅಂತ. ಏನು ಅವಸರವೋ.

4 ಮೇ, ಸಂಜೆ

ಗುಬ್ಬಿಗೆ ಹೋದೆ. ಇವತ್ತು ಏನೂ ಬಿಚ್ಚಲಿಲ್ಲ. ಪಕ್ಕದಲ್ಲಿ ಕೂತು ನೋಡಿದೆ.

ಸದಾಶಿವಯ್ಯ ರೆಂಡರಿಂಗ್‌ಗೆ ಬಿಟ್ಟರು, ಅಂದರೆ ತುಣುಕುಗಳೆಲ್ಲ ಸೇರಿ ಒಂದೇ ವಿಡಿಯೋ ಆಗಲು. ಬಿಟ್ಟ ತಕ್ಷಣ ಮೌಸನ್ನು ಸಿಪಿಯು ಮೇಲೆ ಎತ್ತಿಟ್ಟು ಟವೆಲ್ ಮುಚ್ಚಿದರು. ಯಾಕೆ ಅಂದರೆ, ರೆಂಡರಿಂಗ್ ಆಗುವಾಗ ಮೌಸ್ ಮುಟ್ಟಿದರೆ ಪಿಕ್ಚರ್ ಜಂಪ್ ಹೊಡೆಯುತ್ತದಂತೆ. ಮಿಕ್ಸಿಂಗ್‌ನವರೆಲ್ಲ ಹಾಗೇ ಮಾಡುತ್ತಾರಂತೆ.

ಸ್ವಲ್ಪ ಹೊತ್ತಿಗೆ ಸ್ಕ್ರೀನು ಕಪ್ಪಾಯಿತು. "ನೋಡ್ದಾ, ಹೋಯ್ತು" ಅಂತ ರೀಸೆಟ್ ಬಟನ್‌ಗೆ ಬೆರಳು ತಂದರು. ಕೈ ಹಿಡಿದುಕೊಂಡೆ. ಟವೆಲ್ ಕಿತ್ತು ಮೌಸ್ ಅಲ್ಲಾಡಿಸಿದೆ. ಸ್ಕ್ರೀನು ಬಂತು. ಮದುವಣಗಿತ್ತಿ ಅಲ್ಲೇ ಇದ್ದಾಳೆ, ರೆಂಡರಿಂಗ್ ನಡೆಯುತ್ತಲೇ ಇದೆ!

ಮಷಿನ್ ಸತ್ತೇ ಇರಲಿಲ್ಲ. ಸ್ಕ್ರೀನು ಮಲಗಿತ್ತು, ಅಷ್ಟೇ. ಇವರು ರೀಸೆಟ್ ಒತ್ತಿ ಒತ್ತಿ ಕೆಲಸವನ್ನೆಲ್ಲ ಕೊಂದಿದ್ದಾರೆ.

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್. ಎಕ್ಸ್‌ಪಿಯಲ್ಲಿ ಮೌಸ್ ಅಲ್ಲಾಡದಿದ್ದರೆ ಮಾನಿಟರ್ ಆಫ್ ಆಗುವುದು 'ಇಪ್ಪತ್ತು ನಿಮಿಷಕ್ಕೆ' ಅಂತಿತ್ತು. 'ನೆವರ್' ಮಾಡಿದೆ. ಮುಹೂರ್ತದಿಂದ ಆರತಕ್ಷತೆವರೆಗೂ ನಿಲ್ಲದೆ ಓಡಿತು. ಸದಾಶಿವಯ್ಯ ಎರಡು ಪ್ಲೇಟ್ ಇಡ್ಲಿ ತರಿಸಿದರು. ಬಸ್ಸಲ್ಲಿ ಕುಣಿಗಲ್ ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಅಂತ ಯೋಚಿಸಿಕೊಂಡು ಬಂದೆ.

6 ಮೇ

ಸಿಟ್ಟು ಇನ್ನೂ ಇಳಿದಿಲ್ಲ.

ಸಾರ್‌ಗೆ ಹೇಳಿದೆ, ಸೆಟ್ಟಿಂಗ್ ಅಷ್ಟೇ, ಸರಿಯಾಯಿತು ಅಂತ. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಬಾಗಿಲು ಹಾಕಿದರು. "ಅದು ಸೆಟ್ಟಿಂಗ್ ಅಂತ ನಂಗ್ ಗೊತ್ತಿಲ್ವೇನ್ಲಾ?" ಅಂದರು.

ಗೊತ್ತಿತ್ತಂತೆ! ಗೊತ್ತಿದ್ದೂ ಪವರ್ ಸಪ್ಲೈ ಹಾಕಿಸಿದರು. ನನ್ನ ಕೈಯಲ್ಲಿ. ಈಗ ಸದಾಶಿವಯ್ಯನಿಗೆಂದು ಹೊಸ ಮಾನಿಟರ್ ಬೇರೆ ತರಿಸಿಟ್ಟಿದ್ದಾರೆ. ನಾನು ಅದನ್ನು ಹೊತ್ತುಕೊಂಡು ಹೋಗಿ, ಸೆಟ್ಟಿಂಗ್ ಮಾಡಿದ್ದು ಟೆಂಪರರಿ, ಮಾನಿಟರ್ ಇನ್ನೇನು ಹೋಗುತ್ತೆ ಅನ್ನಬೇಕಂತೆ.

"ನೀನೇ ರಿಪೇರಿ ಮಾಡಿದೀಯ, ನಿನ್ ಮಾತು ನಂಬ್ತಾನೆ. ಹೇಳ್ಬಿಟ್ಟು ಬಾ. ಆಮೇಲೆ ಕುಣಿಗಲ್ ಬೀಗದ ಕೈ ತಗೊ."

ನಂಬುತ್ತಾರೆ ಅಂತಲೇ ಸುಳ್ಳು ಹೇಳಬೇಕಾ? ಎಂಥಾ ಜನ ಇವರು.

11 ಮೇ

ಬರೆಯಲು ಮನಸ್ಸಾಗಲಿಲ್ಲ. ಸಾರ್ ದಿನಾ ಆ ಮಾನಿಟರ್ ಡಬ್ಬ ತೋರಿಸುತ್ತಾರೆ, ನಾನು ದಿನಾ ಏನೋ ನೆಪ ಹೇಳುತ್ತೇನೆ. ಇವತ್ತು ಅಬ್ಬಾ ಕುಣಿಗಲ್‌ಗೆ ಹೋಗಿ ನನಗೆ ಬಾಡಿಗೆ ರೂಮು ನೋಡಿ ಬಂದರು. ನನ್ನನ್ನು ಒಂದು ಮಾತೂ ಕೇಳದೆ. ನಲ್ಲಿ ಒಳಗೇ ಇದೆಯಂತೆ.

ನಾಳೆ ಹೋಗುತ್ತೇನೆ. ಆ ಸುಳ್ಳು ಹೇಳಿಯೇ ಬಿಡುತ್ತೇನೆ. ಊರಿಗೆಲ್ಲ ಇಲ್ಲದ ನಿಯತ್ತು ನನಗೊಬ್ಬನಿಗೇ ಯಾಕೆ?

12 ಮೇ, ಗುಬ್ಬಿ ಬಸ್ ಸ್ಟ್ಯಾಂಡ್

ಡಬ್ಬ ನೋಡಿದ ಕೂಡಲೇ, ನಾನು ಹೇಳುವ ಮೊದಲೇ, ಸದಾಶಿವಯ್ಯ "ನೀನ್ ತಂದಿದ್ರೆ ಸರಿ ಕಣಪ್ಪ" ಅಂತ ಹಳೇ ಮಾನಿಟರಿನ ವೈರು ಕೀಳಲು ಶುರು ಮಾಡಿದರು. ಬೇಡ ಅಂದುಬಿಟ್ಟೆ. ಚೆನ್ನಾಗಿದೆ, ಬದಲಾಯಿಸಬೇಡಿ.

ಅವರಿಗೆ ಸಂತೋಷ ಆಗಲಿಲ್ಲ. ನನ್ನ ಮೇಲೇ ಎಗರಿದರು.

"ಮತ್ಯಾಕ್ ಹೊತ್ಕೊಂಡ್ ಬಂದೆ? ಆ ಪವರ್ ಸಪ್ಲೈನೂ ಬೇಕಿರ್ಲಿಲ್ವಾ?"

"ಬೇಕಿರ್ಲಿಲ್ಲ."

ತುಮಕೂರಿಗೆ ಫೋನು ತಿರುಗಿಸಿ ಕೂಗಾಡಿದರು. ಆಮೇಲೆ ರಿಸೀವರ್ ನನ್ನ ಕಡೆ ಚಾಚಿದರು. ಸಾರ್ ದನಿ ತಣ್ಣಗಿತ್ತು. ಮಾನಿಟರ್ ಕೆಟ್ಟಿದೆ ಅಂತ ಈಗಲೂ ಹೇಳು, ನಾನು ಸಮಾಧಾನ ಮಾಡ್ತೀನಿ, ಅಂದರು. ಸದಾಶಿವಯ್ಯ ನನ್ನ ಮುಖವನ್ನೇ ನೋಡುತ್ತಿದ್ದರು.

"ಕೆಟ್ಟಿಲ್ಲ ಸಾರ್. ಕುಣಿಗಲ್‌ಗೆ ಬೇರೆಯವ್ರನ್ನ ಕಳ್ಸಿ."

ಸಾರ್ ಫೋನು ಇಟ್ಟರು.

ಈಗ ಬೆಂಚಿನ ಮೇಲೆ ಕೂತಿದ್ದೇನೆ, ಪಕ್ಕದಲ್ಲಿ ಡಬ್ಬ. ಬೇಜಾರಾಗಿರುವುದು ಕುಣಿಗಲ್ ಹೋಯಿತು ಅಂತ ಅಲ್ಲ. ಸುಳ್ಳು ಯಾಕೆ, ಅದಕ್ಕೂ ಹೌದು. ಆದರೆ ಅವತ್ತು ನಾನು ಆ ಪವರ್ ಸಪ್ಲೈ ಹಾಕಿ ಮುಗಿಸಿದಾಗ, ಈ ಮನುಷ್ಯ ಮನೆಯಿಂದ ಒಂದು ಚೊಂಬು ಮಜ್ಜಿಗೆ ತರಿಸಿ, ನನಗೆ ಮೊದಲು ಕೊಟ್ಟು—

ಬಸ್ ಬಂತು. ಸಾರ್ ಮುಂದೆ ಡಬ್ಬ ಇಟ್ಟು ನಾನು ಕೇಳುವುದು ಒಂದೇ: ಸದಾಶಿವಯ್ಯನ ಪವರ್ ಸಪ್ಲೈ ದುಡ್ಡು ವಾಪಸ್ ಕೊಡಿ.