ಗೂಡ್ಸ್ ಗಾಡಿಯಿಂದ ಕಂಡ ಚಂದ್ರ

ಲಮ್ಡಿಂಗ್, ಅಸ್ಸಾಂ

ಹಾರನಹಳ್ಳಿಯ ನನ್ನ ಅಜ್ಜಿಗೆ,

ಫೋನಿನಲ್ಲಿ ನಿನಗೆ ಸರಿಯಾಗಿ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣನ ಕೈಲಿ ಓದಿಸಿಕೋ. ಈ ಯುಗಾದಿಗೂ ನನಗೆ ಚಂದ್ರ ಕಂಡ ಅಜ್ಜಿ!

ಹಬ್ಬದ ಮಾರನೆಯ ದಿನವೂ ನನಗೆ ಡ್ಯೂಟಿ ಹಾಕಿದ್ದರು. ಊರಲ್ಲಿ ನೀವೆಲ್ಲ ಬಾಡೂಟ ಮುಗಿಸಿ, ಮಹಡಿ ಹತ್ತಿ ಪಡುವಣಕ್ಕೆ ನೋಡುತ್ತಿರುತ್ತೀರಿ, ನಾನು ಮಾತ್ರ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬಳೇ ಗಾರ್ಡು ಎಂದು ಬೇಜಾರಾಗಿತ್ತು. ಸಂಜೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಸಿಗ್ನಲ್ ಸಿಗದೆ ಗಾಡಿ ನಿಂತಿತು. ಕೆಳಗಿಳಿದು ತಲೆಯೆತ್ತಿದರೆ ಬಿದಿರು ಮೆಳೆಯ ಮೇಲೆ ಉಗುರಿನಷ್ಟು ಚಂದ್ರ. ವಾಕಿಟಾಕಿಯಲ್ಲಿ ಕೂಗಿಯೇಬಿಟ್ಟೆ.

ಮುಂದೆ ಎಂಜಿನ್ನಿನಲ್ಲಿದ್ದ ಡ್ರೈವರ್ ದತ್ತಾ ಬಾಬು ಗಾಬರಿಯಾದರು. ಈ ವರ್ಷ ನಿವೃತ್ತರಾಗುವ ಬಂಗಾಳಿ ಅವರು.

"ಏನಾಯ್ತು ಮಗಳೇ, ಚಕ್ರಕ್ಕೆ ಬೆಂಕಿ ಬಿತ್ತಾ?"

"ಇಲ್ಲ ಬಾಬು, ಚಂದ್ರ ಕಂಡ. ಇವತ್ತು ಚಂದ್ರನ್ನ ನೋಡಿದ ಮೇಲೆ ನಮ್ಮೂರಲ್ಲಿ ಹಿರಿಯರ ಕಾಲಿಗೆ ಬೀಳ್ತೀವಿ. ಇಲ್ಲಿ ನನಗೆ ಯಾರಿದ್ದಾರೆ?"

ಅವರು ಎಂಜಿನ್ನಿನ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರಂತೆ. ಆಮೇಲೆ, "ನನಗೂ ಕಂಡ. ಅಲ್ಲೇ ಬಗ್ಗು, ನಾನು ಇಲ್ಲಿ ಕೈ ಎತ್ತಿದ್ದೀನಿ" ಎಂದರು.

ಅಷ್ಟುದ್ದದ ಗಾಡಿಯ ಆ ತುದಿಗೆ ಮುಖ ಮಾಡಿ, ಜಲ್ಲಿಕಲ್ಲಿನ ಮೇಲೆ ಮಂಡಿಯೂರಿ ನಮಸ್ಕರಿಸಿದೆ. ಏಳುವಷ್ಟರಲ್ಲಿ ಅತ್ತಲಿಂದ ಉದ್ದನೆಯ ಹಾರನ್ ಕೇಳಿಸಿತು. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಆಮೇಲೆ ದತ್ತಾ ಬಾಬುಗೆ ನಮ್ಮ ಹಬ್ಬದ ಬಾಡೂಟದ ವಿಷಯ ಹೇಳಿದೆ; ಈಗ ಅವರ ಮನೆಯವರಿಗೆಲ್ಲ ನಮ್ಮ ಬಾಡಿನ ಸಾರು ಉಣ್ಣಬೇಕಂತೆ. ನಿನ್ನ ಕೈಯ ಸಾರಿನ ಪುಡಿ ಬೇಗ ಕಳಿಸು, ಖಾರ ಕಡಿಮೆ ಇರಲಿ. ಜಾಸ್ತಿಯೇ ಕಳಿಸು ಅಜ್ಜಿ, ಇನ್ನು ನಾನು ನನ್ನೊಬ್ಬಳಿಗೇ ಅಡುಗೆ ಮಾಡಿಕೊಳ್ಳುವುದಿಲ್ಲ.

ನಿನ್ನ ಮೊಮ್ಮಗಳು,
ನಯನಾ