ಶಾಲು ಹೊದ್ದ ಫೋಟೋ

ಸುಲೇಪೇಟ
೧೨ ಜನವರಿ ೨೦೨೫, ಭಾನುವಾರ

ಪ್ರೀತಿಯ ಮಗಳು ಲುಂಬಿನಿಗೆ ನಿನ್ನ ಅವ್ವನ ಜೈಭೀಮ್.

ಹೇಗಿದ್ದೀ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ಪುಣೆಯ ರೋಗಿಗಳಿಗೆಲ್ಲ ಹೊತ್ತಿಗೆ ಸರಿಯಾಗಿ ಉಣ್ಣಿರಿ ಎಂದು ಬುದ್ಧಿ ಹೇಳುವ ನರ್ಸಮ್ಮ, ತಾನು ಮಾತ್ರ ಚಹಾ ಬಿಸ್ಕೀಟಿನಲ್ಲೇ ಪಾಳಿ ಮುಗಿಸುತ್ತಾಳೆ. ಇಲ್ಲಿ ನಾನೂ ನಿನ್ನ ಅಣ್ಣ ಸಂಘಪಾಲನೂ ಆರಾಮ. ತೊಗರಿ ರಾಶಿ ಮುಗಿಯುತ್ತ ಬಂತು. ಹಸಿ ತೊಗರಿಕಾಯಿ ಕುದಿಸಿದಾಗಲೆಲ್ಲ ನಿನ್ನ ನೆನಪು. ಈಗ ಬರೆಯಲಿರುವುದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮಾಸ್ತರನ ಮಾತು ಬಂದ ಕೂಡಲೇ ನೀನು "ಬಿಡು ಯವ್ವಾ" ಎಂದು ಫೋನ್ ಇಟ್ಟುಬಿಡುತ್ತೀ. ಕಾಗದವನ್ನಾದರೆ ಮಡಿಚಿಟ್ಟು, ಮನಸ್ಸು ಬಂದಾಗ ಮತ್ತೆ ಓದಬಹುದು.

ನಾವು ಬಿಟ್ಟುಬಂದ ನಮ್ಮ ಹಳ್ಳಿಯ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಸೇರಿ ಹೊಸ ಕೋಣೆ ಕಟ್ಟಿಸಿದ್ದಾರೆ. ಅದಕ್ಕೆ ಆ ಮಾಸ್ತರನ ಹೆಸರಿಡಬೇಕೆಂದು ಮೊನ್ನೆ ಶುಕ್ರವಾರ ಸಭೆ ಕರೆದರು. ಅವನು ಸತ್ತು ಎರಡು ವರ್ಷವಾಯಿತು. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ನನ್ನ ಪೆನ್ನು ನನ್ನ ಇಷ್ಟ. ಹೋಗಬೇಡ ಎಂದ ಸಂಘಪಾಲ. ಅಂಗನವಾಡಿಯಲ್ಲಿ ಅರ್ಧ ಊರಿನ ಮೂಗು ಒರೆಸಿದವಳು ನಾನು, ನನಗೆ ಯಾರ ಅಪ್ಪಣೆ ಬೇಕು? ಬಸ್ಸು ಹತ್ತಿ ಹೋದೆ.

ಅವನ ಪರವಾಗಿ ಊರು ಹೂಡುವ ವಾದವನ್ನು ನಾನು ಕೇಳಿದ್ದು ಇದು ಮೂರನೆಯ ಸಲ. ಮೊದಲನೆಯದು ನಿನಗೆ ಒಂಬತ್ತು ವರ್ಷವಿದ್ದಾಗ. ಟ್ಯೂಷನ್ನಿನಲ್ಲಿ ಮಾಸ್ತರ ಮೈಮೇಲೆ ಕೈಹಾಕಿದ್ದನ್ನು ನೀನು ಬಂದು ಹೇಳಿದ ಸಂಜೆಯೇ ನಾನು ಊರ ಕಟ್ಟೆಗೆ ಹೋಗಿ ಕೂಗಿದೆ. "ಹುಡುಗಿ ಸುಳ್ಳು ಹೇಳ್ಯಾಳ" ಎಂದರು. ನಾನು ಜಗ್ಗದಿದ್ದಾಗ "ಪ್ರೀತಿಲಿಂದ ಮುಟ್ಟಿರಬೇಕು, ಸಣ್ಣ ಕೂಸಿಗಿ ಏನ್ ತಿಳೀತದ" ಎಂದರು. ಠಾಣೆಗೆ ಹೊರಟಾಗ "ಊರ ಮರ್ಯಾದಿ ಅದ, ವರ್ಗ ಮಾಡಸ್ತೀವಿ ಕುಂದ್ರವ್ವ" ಎಂದರು. ಠಾಣೆಯಲ್ಲೂ ಅದೇ ಹಾಡು, ವರ್ಗವಾದರೆ ಮುಗಿಯಿತಲ್ಲ ಎಂದು. ವರ್ಗವಾಯಿತು ನಿಜ. ಆದರೆ ನಮ್ಮೂರಿನಿಂದ ಮಾಸ್ತರನೊಬ್ಬ ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲವಲ್ಲ! ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಫೋಟೋ ಹೊಡೆಸಿ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಹುಡುಗರ ಕುಹಕ ತಾಳಲಾರದೆ ಶಾಲೆ ಬಿಟ್ಟು ಸೇಡಂಗೆ ಸೋದರಮಾವನ ಮನೆ ಸೇರಿದವಳು ನೀನು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಎರಡನೆಯ ಸಲ, ಮಕ್ಕಳ ರಕ್ಷಣೆಗೆ ಹೊಸ ಕಾನೂನು ಬಂದ ಸುದ್ದಿ ಪೇಪರಿನಲ್ಲಿ ಓದಿ ಊರವರು ಚಹಾದಂಗಡಿಯಲ್ಲಿ ವಾದಕ್ಕಿಳಿದರು. ಆಗ ಯಾರೂ ಸುಳ್ಳು ಎನ್ನಲಿಲ್ಲ. "ಆಗಿನ ಕಾಲ ಬ್ಯಾರೆ ಇತ್ತು" ಎಂದರು. ಕಾಲ ಬೇರೆ ಇದ್ದರೆ ಕೂಸಿನ ಸಂಕಟ ಬೇರೆ ಇತ್ತೇ ಎಂದು ಕೇಳಿದೆ. ಚಹಾ ಆರಿತು ಎಂದು ಎಲ್ಲರೂ ಎದ್ದುಹೋದರು.

ಮೊನ್ನೆ ಸಭೆಗೆ ಧರ್ಮಣ್ಣ ಅಧ್ಯಕ್ಷ. "ಭಾಳ ಮಂದಿಗಿ ನೌಕರಿ ದಾರಿ ತೋರಿಸ್ಯಾರ. ಒಂದು ತಪ್ಪು ಹಿಡಕೊಂಡು ಎಷ್ಟು ದಿನ ಜಗ್ಗತೀರಿ? ಸತ್ತವ್ರು ಎದ್ದು ಬಂದು ಉತ್ತರ ಕೊಡ್ತಾರೇನ್ರಿ?" ಎಂದ. ಧರ್ಮಣ್ಣ ಕೆಟ್ಟವನಲ್ಲ, ಲುಂಬಿನಿ. ನಮ್ಮ ಮನೆ ಸೋರಿದಾಗ ತಗಡು ಹಾಕಿಸಿಕೊಟ್ಟವನು ಅವನೇ. ಅದೇ ನನ್ನನ್ನು ಯೋಚನೆಗೆ ಹಚ್ಚಿದೆ. ಇಂಥ ಮಾತನ್ನು ಕೆಟ್ಟವರು ಆಡಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನಾನು ಏಳುವುದರೊಳಗೆ ನಮ್ಮ ಹಳೆಯ ಮನೆಯ ನೆರೆಯ ಸೊಸೆ ಯಶೋಧರಾ ಎದ್ದಳು. ಮಾಸ್ತರ ವರ್ಗವಾಗಿ ಹೋದನಲ್ಲ, ಆ ಊರೇ ಅವಳ ತವರು. ಗೋಡೆಯ ಬ್ಯಾನರಿನಲ್ಲಿ ಅದೇ ಬೀಳ್ಕೊಡುಗೆಯ ಫೋಟೋ ದೊಡ್ಡದು ಮಾಡಿ ಹಾಕಿದ್ದರು. ಅದಕ್ಕೆ ಬೆರಳು ತೋರಿಸಿ, "ಮಾಸ್ತರ ಈ ಫೋಟೋಕ್ಕ ಕಟ್ಟು ಹಾಕಿಸಿ ತನ್ನ ಕೋಣ್ಯಾಗ ಇಟ್ಟಿದ್ದರಿ. ಇಷ್ಟು ಮರ್ಯಾದಿ ಮಾಡಿ ಕಳಿಸ್ಯಾರಂದ್ರ ಛಲೋ ಮನಷ್ಯಾನೇ ಇರಬೇಕಂತ ನಮ್ಮಪ್ಪ ನನಗ ಟ್ಯೂಷನ್ನಿಗಿ ಕಳಿಸ್ದ. ನಾನೂ ಸಣ್ಣಾಕಿದ್ದೆರಿ" ಎಂದಳು. ಫೋಟೋದಲ್ಲಿ ಶಾಲು ಹೊದಿಸುತ್ತಿದ್ದವನು ಧರ್ಮಣ್ಣ. ತಾನೇ ಎದ್ದು ಹೋಗಿ ಬ್ಯಾನರ್ ಬಿಚ್ಚಿದ. ಕೋಣೆಗೆ ಈಗ ಯಾರ ಹೆಸರೂ ಇಲ್ಲ. ಊರೇ ಬದಲಾಯಿತು ಎಂದು ತಿಳಿಯಬೇಡ. ಹೊರಗೆ ಬಂದು "ಈಗ ಹೇಳಿ ಏನ್ ಬಂತು" ಎಂದವರೂ ಇದ್ದಾರೆ.

ಬಸ್ಸಿನಲ್ಲಿ ಬರುತ್ತ ಒಂದು ಹೊಳೆಯಿತು. ಮೂರು ಸಲವೂ ಮಾತೆಲ್ಲ ಅವನದೇ: ಅವನ ಮರ್ಯಾದೆ, ಅವನ ಕಾಲ, ಅವನ ಸಾವು. ಲಾಲಮ್ಮನ ಮಗಳು ಆಮೇಲೆ ಉಂಡಳೇ, ಮಲಗಿದಳೇ ಎಂದು ಒಬ್ಬರೂ ಕೇಳಲಿಲ್ಲ.

ಮೈ ಕಡೆ ನಿಗಾ ಇರಲಿ. ಬುದ್ಧನ ಕರುಣೆ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಲಾಲಮ್ಮ

ತಾ.ಕ.: ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿದ್ದು. ನಿನ್ನೆ ಯಶೋಧರಾ ತನ್ನ ಓಣಿಯ ಒಬ್ಬ ತಾಯಿಯನ್ನೂ ಮೂರನೇ ತರಗತಿಯ ಮಗಳನ್ನೂ ನನ್ನ ಬಳಿ ಕರೆತಂದಳು. ಆ ಕೂಸಿಗೂ ಹೇಳುವುದಿತ್ತು, ಬೇರೊಬ್ಬನ ಬಗ್ಗೆ. ೧೦೯೮ಕ್ಕೆ ಫೋನ್ ಮಾಡಿ, ಸಂಜೆಯೇ ದೂರು ಕೊಟ್ಟೆವು. ಮುಂದೆ ಕೋರ್ಟಿನಲ್ಲೂ ಅವಳೇ ಹೇಳಬೇಕು. ಕೂಸು ನನ್ನನ್ನು ಕೇಳಿದ್ದು ಒಂದೇ: "ಮೊದಲ ಹೇಳಿದ ಅಕ್ಕ ಮುಂದ ಏನಾದ್ಲು?" ಇಷ್ಟು ವರ್ಷದಲ್ಲಿ ನಿನ್ನ ಬಗ್ಗೆ ಕೇಳಿದವಳು ಅವಳೊಬ್ಬಳೇ. ನರ್ಸ್ ಆಗಿದ್ದಾಳೆ, ಎಂಥವರಿಗೂ ಸೂಜಿ ಚುಚ್ಚುತ್ತಾಳೆ ಎಂದೆ. ನಂಬಲಿಲ್ಲ. "ಆಕೀನೇ ಬಂದು ಹೇಳ್ಲಿ" ಎಂದಳು. ಬಾ ಎಂದು ನಾನು ಹೇಳುವುದಿಲ್ಲ, ಮಗಳೇ. ಅವಳು ಕೇಳಿದ್ದನ್ನು ನಿನಗೆ ಮುಟ್ಟಿಸಿದ್ದೇನೆ, ಅಷ್ಟೆ.