ಗಡ್ಡೆ ನನ್ನದು, ಕೊಂಬೆ ನಿನ್ನದು

ಹೊನ್ನಾಳಿ
11-4-2025

ದುರ್ಗಾಂಬಿಕಾಳಿಗೆ,

ಮೊದಲು ‘ಪ್ರೀತಿಯ’ ಅಂತ ಬರೆದು ಆಮೇಲೆ ಹೊಡೆದು ಹಾಕಿದ್ದೇನೆ. ಕಾಣುತ್ತಿದ್ದರೆ ಕಾಣಲಿ, ನಿನಗೋಸ್ಕರ ಇನ್ನೊಂದು ಹಾಳೆ ಹಾಳು ಮಾಡಲಾರೆ. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ದುಡಿದ ವಾರಗಿತ್ತಿಯರು ನಾವು. ಪಾಲಾಗಿ ನೀವು ನ್ಯಾಮತಿಗೆ ಹೋದ ಮೂರು ತಿಂಗಳಲ್ಲಿ ನೀನು ಒಂದು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ, ಮಾಡುವುದೂ ಇಲ್ಲ. ಮಾಡಿದರೆ ನೀನು ಸ್ಪೀಕರ್ ಹಾಕಿ ನಿನ್ನ ಗಂಡ ಪರಶುರಾಮನಿಗೂ ಕೇಳಿಸುತ್ತೀಯ, ಆಮೇಲೆ ಅಣ್ಣತಮ್ಮಂದಿರ ನಡುವೆ ಹೊಸ ರಾದ್ಧಾಂತ. ಅದಕ್ಕೇ ಈ ಕಾಗದ.

ನಿನ್ನ ವಾಟ್ಸಾಪ್ ಸ್ಟೇಟಸ್ ನೋಡಿದೆ. ‘ಅತ್ತೆಯ ಅಡೇನಿಯಂ ನಮ್ಮ ಮನೆಯಲ್ಲಿ ಹೂ ಬಿಟ್ಟಿತು’ ಅಂತೆ, ಪಕ್ಕದಲ್ಲಿ ಕೈಮುಗಿದ ಗುರುತು ಬೇರೆ. ಅಬ್ಬಬ್ಬಾ, ಏನು ಬಿಂಕ! ಇಲ್ಲಿದ್ದಾಗ ಒಂದೇ ಸಲಕ್ಕೆ ನಲವತ್ತು ಹೂ ಬಿಟ್ಟ ಗಿಡ ಅದು. ಐದು ಹೂವನ್ನು ಊರಿಗೆಲ್ಲ ತೋರಿಸುವುದಕ್ಕೆ ನಿನಗೆ ನಾಚಿಕೆಯಾಗಲಿಲ್ಲವೇ? ಹೂವಿನ ಕೆಳಗೆ ನೋಡಿದರೆ ಬೆರಳು ದಪ್ಪದ ಕಡ್ಡಿ. ಬೀಜದಿಂದ ಬಂದ ಗಿಡಕ್ಕೆ ಕಟ್ಟುವಂಥ ಗಡ್ಡೆ, ಕೊಂಬೆ ನೆಟ್ಟು ಬೆಳೆಸಿದ ಗಿಡಕ್ಕೆ ಕಟ್ಟುವುದಿಲ್ಲ ಕಣೇ. ಹತ್ತು ವರ್ಷ ಕಾದರೂ ನಿನ್ನದು ಕಡ್ಡಿಯೇ. ನನ್ನ ಹೊಟ್ಟೆಯುರಿ ಅಂದುಕೊಳ್ಳಬೇಡ, ಇದು ನರ್ಸರಿಯ ಗೌಸ್‌ಪೀರ್ ಹೇಳಿದ್ದು. ಗಡ್ಡೆ ನನ್ನ ಪಾಲಿಗೆ ಬಂದಿದೆ, ಅದು ಚೆನ್ನಾಗಿಯೇ ಇದೆ.

ಆ ಗಿಡವನ್ನು ಅತ್ತೆ ಹೇಗೆ ಬೆಳೆಸಿದರು ಅಂತ ನಿನಗಿಂತ ನಾನು ಚೆನ್ನಾಗಿ ಬಲ್ಲೆ. ಸೊಕ್ಕೆಯ ತವರಿಂದ ಹಾಲಿನ ಕವರಿನಲ್ಲಿ ಒಂದು ಪುಟ್ಟ ಸಸಿ ತಂದಾಗ ನೀನಿನ್ನೂ ಈ ಮನೆಗೆ ಬಂದಿರಲೇ ಇಲ್ಲ. ದಪ್ಪ ಮರಳಿಗೆ ಇಟ್ಟಿಗೆ ಚೂರು ಬೆರೆಸಿ ಕುಂಡ ತುಂಬಿಸುತ್ತಿದ್ದರು. ವರ್ಷಕ್ಕೊಮ್ಮೆ ಕಿತ್ತು, ಗಡ್ಡೆ ಒಂದು ಬೆರಳು ಮೇಲೆ ಕಾಣುವಂತೆ ಮತ್ತೆ ನೆಡುತ್ತಿದ್ದರು. ಹದಿನಾಲ್ಕು ವರ್ಷಕ್ಕೆ ಗಡ್ಡೆ ನನ್ನ ತೊಡೆಯಷ್ಟಾಗಿತ್ತು. “ಚಳಿಗಾಲದಾಗೆ ಇದಕ್ಕೆ ಹನಿ ನೀರು ತೋರಿಸ್ಬ್ಯಾಡ್ರಿ. ನಮ್ ಸೊಕ್ಕೆ ಕಡೆ ಹೆಣ್ಮಕ್ಕಳಂಗೆ ಇದು, ಕೇಳಾದಿಲ್ಲ, ಸಾಯಾದೂ ಇಲ್ಲ” ಅನ್ನುತ್ತಿದ್ದರು.

ಪಾಲು ಮಾಡಿದ ದಿನದ ಮಾತಿಗೆ ಬರುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ಮಹೇಶ್ವರಪ್ಪ ದೊಡ್ಡಮಾವ ನಡುಮನೆಯಲ್ಲಿ ಕೂತು ಕೊಳಗ, ಹಂಡೆ, ಒರಳು ಎಲ್ಲವನ್ನೂ ಒಂದು ನಿನಗೆ, ಒಂದು ನನಗೆ ಅಂತ ಹಂಚಿದರು. ಗಿಡದ ಸರದಿ ಬಂದಾಗ ನೀನು ಬಾಯಿ ಬಿಟ್ಟೆ. “ಅತ್ತೆ ಅದನ್ನ ನಂಗೆ ಅಂತ ಹೇಳಿದ್ರು” ಅಂದೆ. ನನಗೆ ಮೈಯೆಲ್ಲ ಉರಿದುಹೋಯಿತು. “ಸುಳ್ಳಿ! ಸತ್ತೋರ ಹೆಸರು ಹೇಳಿ ಮನೆ ದೋಚಾಕೆ ನಿಂತೀಯಾ?” ಅಂತ ಎಲ್ಲರ ಮುಂದೆ ಕೂಗಿದೆ. “ಒಂದೇ ಐತೆ ಅಂದ್ರೆ ಎರಡು ಮಾಡ್ರಿ, ಪಾಲು ಅಂದ್ರೆ ಪಾಲು” ಅಂದರು ದೊಡ್ಡಮಾವ. ಅವರಿಗೆ ಗಿಡವೂ ಒಂದೇ, ಹಿತ್ತಾಳೆ ಕೊಳಗವೂ ಒಂದೇ. ಗಿಡ ಕಡಿಯಲು ಕುಡುಗೋಲು ತಂದುಕೊಟ್ಟವಳು ನೀನು ಅಂತ ನಾನು ಬೀದಿಯೆಲ್ಲ ಹೇಳಿಕೊಂಡು ಬಂದಿದ್ದೇನೆ. ತಂದವಳು ನಾನು.

ಹಾಳಾಗಿ ಹೋಗಲಿ, ಮೇಲೆ ಬರೆದದ್ದೂ ಸುಳ್ಳು. ಗಡ್ಡೆ ಚೆನ್ನಾಗಿಲ್ಲ, ಸತ್ತುಹೋಯಿತು.

ನೀವು ಕೊಂಬೆಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದಿರಿ. ನನ್ನ ಮುಂದೆ ತಲೆಯಿಲ್ಲದ ಗಡ್ಡೆ, ಕಡಿದ ಜಾಗದಿಂದ ಬೆಳ್ಳಗೆ ಹಾಲು ಸುರಿಯುತ್ತಿತ್ತು. ಹಸಿ ಬಾಣಂತಿಗೆ ಮಾಡಿದ ಹಾಗೇ ಮಾಡಿದೆ ನೋಡು. ಗಾಯಕ್ಕೆ ಅರಿಶಿನ ಅರೆದು ಹಚ್ಚಿದೆ, ಮೇಲೆ ಸಗಣಿ ಮೆತ್ತಿದೆ, ಅತ್ತೆಯ ಹಳೇ ಸೀರೆ ಹರಿದು ಸುತ್ತಿದೆ. ಗಾಳಿ ತಾಗಬಾರದೆಂದು ಬಚ್ಚಲೊಲೆಯ ಪಕ್ಕ ಇಟ್ಟು ಬೆಳಿಗ್ಗೆ, ಸಂಜೆ ಉಗುರು ಬೆಚ್ಚಗಿನ ನೀರು ಹಾಕಿದೆ. ನಗಬೇಡ! ನೀರು ಹಾಕಬಾರದು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಾನೇ ಕಡಿಸಿದ್ದನ್ನು ಬಾಯಾರಿಸಿ ಕೂರಿಸುವುದಕ್ಕೆ ಮನಸ್ಸು ಬರಬೇಕಲ್ಲ. ನಲವತ್ತು ದಿನಕ್ಕೆ ಬಟ್ಟೆ ಬಿಚ್ಚಿದರೆ ಬೆರಳು ಒಳಕ್ಕೆ ಇಳಿಯಿತು, ಕೆಟ್ಟ ವಾಸನೆ. ಗೌಸ್‌ಪೀರ್ ಬಂದು ಚಾಕುವಿನಲ್ಲಿ ಕೆರೆದು ನೋಡಿದ. “ಅಕ್ಕಾರೆ, ಇದು ಪೂರಾ ಕೊಳೆತೈತ್ರಿ. ಯಾರೋ ಭಾಳ ಪ್ರೀತಿಯಿಂದ ನೀರು ಕುಡ್ಸ್ಯಾರೆ” ಅಂದ.

ನಿನ್ನ ಭಾವ ಕೇಳಿದಾಗಲೆಲ್ಲ ಚಿಗುರುತ್ತದೆ ಅಂತ ಹೇಳಿ ಕುಂಡವನ್ನು ಹಿತ್ತಲ ಗೋಡೆಯ ಹಿಂದೆ ಸರಿಸಿದ್ದೇನೆ. ಮುಂದಿನ ತಿಂಗಳು ಅತ್ತೆಯ ಮೊದಲ ಪುಣ್ಯಸ್ಮರಣೆ. ನೀವೆಲ್ಲ ಬರುತ್ತೀರಿ, ಕುಂಡ ನೋಡುತ್ತೀರಿ, ಆಡಿಕೊಳ್ಳುತ್ತೀರಿ. ಆಡಿಕೊಳ್ಳಿ, ನನಗೇನೂ ಹೊಸದಲ್ಲ. ಆದರೆ ಅವರ ಫೋಟೋಕ್ಕೆ ಹಾರ ಹಾಕುವ ದಿನ ಅವರ ಮನೆಯಲ್ಲಿ ಅವರ ಗಿಡದ ಒಂದು ಎಲೆಯೂ ಇಲ್ಲವಲ್ಲ ಅನ್ನುವುದು ನನಗೆ ತಡೆಯಲಾಗುತ್ತಿಲ್ಲ. ಊಟ ಸೇರುತ್ತಿಲ್ಲ ದುರ್ಗಾ.

ಈಗ ವಿಷಯ. ನಿನ್ನ ಗಿಡದ ಒಂದು ಗೇಣು ಕೊಂಬೆ ಸಿಕ್ಕರೆ ಬೇರೆ ಗಡ್ಡೆಗೆ ಕಸಿ ಕಟ್ಟಿಕೊಡುತ್ತೇನೆ ಅಂತ ಗೌಸ್‌ಪೀರ್ ಹೇಳಿದ್ದಾನೆ. ಹಿಡಿಯಲು ಮೂರು ವಾರ ಬೇಕಂತೆ, ಪುಣ್ಯಸ್ಮರಣೆಯ ಹೊತ್ತಿಗೆ ಚಿಗುರಬಹುದಂತೆ. ಬರುವ ಗುರುವಾರ ಅವನು ಗಿಡದ ಗಾಡಿ ತೆಗೆದುಕೊಂಡು ನ್ಯಾಮತಿಗೆ ಬರುತ್ತಾನೆ. ನಾನೇನು ನಿನ್ನ ಕಾಲಿಗೆ ಬೀಳುತ್ತಿಲ್ಲ. ಕೊಡುವುದಾದರೆ ಅವತ್ತು ಬೆಳಿಗ್ಗೆಯೇ ಕೊಯ್ದು ಒಣ ಪೇಪರಿನಲ್ಲಿ ಸುತ್ತಿ ಕೊಡು, ಒದ್ದೆ ಬಟ್ಟೆ ಬೇಡ. ಕೊಯ್ದ ಮೇಲೆ ನಿನ್ನ ಗಿಡಕ್ಕೆ ಒಂದು ವಾರ ನೀರು ಹಾಕಬೇಡ. ಅದಾದರೂ ಉಳಿಯಲಿ. ಕೊಡದಿದ್ದರೆ ಬಿಡು, ನಿನ್ನ ಬುದ್ಧಿ ಇಷ್ಟೇ ಅಂದುಕೊಂಡು ಸುಮ್ಮನಾಗುತ್ತೇನೆ.

ಇನ್ನೂ ಸಿಟ್ಟು ಇಳಿಯದ,
ನೇತ್ರಾವತಿ

ತಾ.ಕ.: ಅಂಟಿಸಿದ ಕವರು ಹರಿದು ಇದನ್ನು ಸೇರಿಸುತ್ತಿದ್ದೇನೆ. ಅತ್ತೆ ಹೋಗುವ ಮೂರು ದಿನ ಮುಂಚೆ ನಾನು ಗಂಜಿ ಕುಡಿಸುತ್ತಿದ್ದೆ. ಚಮಚ ಪಕ್ಕಕ್ಕೆ ಸರಿಸಿ, “ನೇತ್ರಾ, ಆ ಗಿಡ ದುರ್ಗಿ ಕೈಗೆ ಕೊಡು. ನೀನು ಎಲ್ಲಾ ಅತೀ ಮಾಡ್ತಿ, ನಿನ್ ತಾವ ಅದು ಉಳಿಯಾದಿಲ್ಲ” ಅಂದರು. ನಾನು ಹೂಂ ಅಂದಿದ್ದೆ. ಆವತ್ತು ನಡುಮನೆಯಲ್ಲಿ ಸುಳ್ಳು ಹೇಳಿದವಳು ನೀನಲ್ಲ. ಪುಣ್ಯಸ್ಮರಣೆಯ ದಿನ ಇದನ್ನು ದೊಡ್ಡಮಾವನ ಮುಂದೆ, ಎಲ್ಲರ ಮುಂದೆ ನಾನೇ ಹೇಳುತ್ತೇನೆ. ಕೊಂಬೆ ಕೊಡುವುದೋ ಬಿಡುವುದೋ, ಇಷ್ಟನ್ನೂ ಓದಿದ ಮೇಲೆ ಯೋಚನೆ ಮಾಡು.